ಹಕ್ಕಿಗಳ ಕುಣಿತ ನೋಡೋಕೆ ಯಾವ ಬೈನಾಕ್ಯುಲರ್? 8×42 ಬಳಸಿದವನ ಮಾತು

ಬೈನಾಕ್ಯುಲರ್ ಕೊಳ್ಳೋಕೆ ಹೋದವರು ಮೊದಲು ಕೇಳೋದು "ಎಷ್ಟು ಹತ್ತಿರ ಕಾಣುತ್ತೆ?" ಅಂತ. ಹಕ್ಕಿ ಯಾವುದು ಅಂತ ಗುರುತು ಹಿಡಿಯೋಕೆ ಆ ಪ್ರಶ್ನೆ ಸಾಕು. ಆದರೆ ಹಕ್ಕಿಗಳು ಜೋಡಿ ಒಲಿಸಿಕೊಳ್ಳೋಕೆ ಮಾಡುವ ಕುಣಿತ, ಲಾಗ, ಕೊಕ್ಕಿನ ಸದ್ದು, ಮೀನಿನ ಉಡುಗೊರೆ ಇವನ್ನೆಲ್ಲ ನೋಡುವ ಆಸೆ ಇದ್ದರೆ ಬೇರೆ ಪ್ರಶ್ನೆ ಕೇಳಿ. "ಎಷ್ಟು ಅಗಲ ಕಾಣುತ್ತೆ?" ಅಂತ ಕೇಳಿ. ಕುಣಿಯುವ ಗಂಡು ಒಂದು ಕಡೆ, ಅದನ್ನು ನೋಡಿ ತೀರ್ಮಾನ ಮಾಡುವ ಹೆಣ್ಣು ಇನ್ನೊಂದು ಕಡೆ. ಇಬ್ಬರೂ ಒಂದೇ ಸುತ್ತಿನೊಳಗೆ ಕಾಣದಿದ್ದರೆ ನಮಗೆ ಕಂಡದ್ದು ಅರ್ಧ ಆಟ ಮಾತ್ರ.

ನಾನು ಬಳಸೋದು 8×42 ಬೈನಾಕ್ಯುಲರ್. ಈ ಅಳತೆಯದನ್ನು ಹಲವು ಕಂಪನಿಗಳು ಮಾಡುತ್ತವೆ, ಒಂದೇ ಬೆಲೆಯವುಗಳ ಗುಣದಲ್ಲಿ ಸಾಮಾನ್ಯವಾಗಿ ಅಂಥ ದೊಡ್ಡ ವ್ಯತ್ಯಾಸ ಇರೋದಿಲ್ಲ. ಅದಕ್ಕೇ ಕಂಪನಿ ಹೆಸರು ಬಿಟ್ಟು ಅಳತೆಯ ಬಗ್ಗೆಯೇ ಬರೆಯುತ್ತೇನೆ. ನನ್ನದಕ್ಕೆ 12 ಸಾವಿರದೊಳಗೆ ಬಿತ್ತು. ನನ್ನ ಕೆಲಸ ಹಾಲಿನ ಸೊಸೈಟಿಗಳ ಲೆಕ್ಕಪತ್ರ ನೋಡೋದು. ಮನೆ ಮೈಸೂರಿನಲ್ಲಿ, ಓಡಾಟವೆಲ್ಲ ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ, ನಾಗಮಂಗಲ ಕಡೆ. ಬೆಳಗಿನ ಹಾಲು ಹಾಕುವ ಹೊತ್ತಿಗೇ ಸೊಸೈಟಿಯಲ್ಲಿ ಇರಬೇಕು. ಹಾಗಾಗಿ ಕತ್ತಲು ಹರಿಯುವಾಗಲೇ ಬೈಕಿನಲ್ಲಿ ನಾಲೆ ಏರಿ ಮೇಲೆ ಇರುತ್ತೇನೆ. ಹಕ್ಕಿಗಳೂ ಆಗಲೇ ಚುರುಕಾಗಿರುತ್ತವೆ. ಕನ್ನಡಕ ಹಾಕುವವನು ನಾನು, ವಯಸ್ಸು ಐವತ್ತು ದಾಟಿದೆ. ಈ ಎರಡು ವಿಷಯಕ್ಕೂ ಬೈನಾಕ್ಯುಲರ್ ಆಯ್ಕೆಗೂ ಸಂಬಂಧ ಇದೆ.

8 ಅಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25 ಬರುತ್ತದೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ದುಂಡಿನ ಅಗಲ ಅದು, ಮಿಲಿಮೀಟರ್ ಲೆಕ್ಕದಲ್ಲಿ. ನನ್ನ ವಯಸ್ಸಿನವರ ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗೋದೇ ಸುಮಾರು 5 ಮಿಲಿಮೀಟರ್. ಅಂದರೆ ನಸುಕಿನಲ್ಲಿ ಕಣ್ಣು ಎಷ್ಟು ಬೆಳಕು ತೆಗೆದುಕೊಳ್ಳಬಲ್ಲದೋ ಅಷ್ಟನ್ನೂ ಇದು ಕೊಡುತ್ತದೆ. 10×42ರಲ್ಲಿ ಆ ದುಂಡು 4.2ಕ್ಕೆ ಇಳಿಯುತ್ತದೆ. ಜೇಬಿಗೆ ಹಾಕಿಕೊಳ್ಳುವ 8×25ರಲ್ಲಿ 3.1ರ ಹತ್ತಿರ. ಹಗಲು ಹೊತ್ತಿನಲ್ಲಿ ಈ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ಮೋಡ ಕವಿದ ಆಷಾಢದ ಬೆಳಿಗ್ಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನು ಅಗಲ. ನನ್ನದರ ಮೇಲೆ 7.5 ಡಿಗ್ರಿ ಅಂತ ಬರೆದಿದೆ. 1000 ಮೀಟರ್ ದೂರದಲ್ಲಿ 131 ಮೀಟರ್ ಅಗಲ ಕಾಣುತ್ತದೆ ಅಂತ ಅರ್ಥ. ಸಾವಿರ ಮೀಟರ್ ಆಚೆ ಯಾರೂ ಕುಣಿತ ನೋಡೋದಿಲ್ಲ, ಹಾಗಾಗಿ ಹತ್ತಿರದ ಲೆಕ್ಕಕ್ಕೆ ತರೋಣ. 30 ಮೀಟರ್ ದೂರದಲ್ಲಿ ಸುಮಾರು 4 ಮೀಟರ್ ಅಗಲ. ನನ್ನ ಭಾವಮೈದುನನ ಹತ್ತಿರ ಒಂದು 20×50 ಇದೆ. ಅದು 3 ಡಿಗ್ರಿಯದು, ಅಷ್ಟೇ ದೂರದಲ್ಲಿ ಒಂದೂವರೆ ಮೀಟರ್ ಕಾಣುತ್ತದೆ. ಈಗ ನವಿಲನ್ನು ನೆನೆಸಿಕೊಳ್ಳಿ. ಬಿಚ್ಚಿದ ಗರಿಯ ಅಗಲವೇ ಎರಡು ಮೀಟರ್ ಮೀರುತ್ತದೆ. ಭಾವಮೈದುನನ ಗಾಜಿನಲ್ಲಿ ಒಂದೇ ನವಿಲು ಪೂರ್ತಿ ಹಿಡಿಸೋದಿಲ್ಲ. ಅದರ ಮುಂದೆ ನಿಂತ ಹೆಣ್ಣಂತೂ ಚೌಕಟ್ಟಿನ ಹೊರಗೆ. ಜೊತೆಗೆ ಕೈ ನಡುಕವೂ ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಸ್ಟ್ಯಾಂಡ್ ಇಲ್ಲದೆ ಅದನ್ನು ಕೈಯಲ್ಲಿ ಹಿಡಿದು ಕುಣಿತ ನೋಡೋದು ಆಗದ ಮಾತು.

ನವಿಲಿನಿಂದಲೇ ಶುರು ಮಾಡುತ್ತೇನೆ. ನಾನು ಓಡಾಡುವ ಮಂಡ್ಯ ಜಿಲ್ಲೆಗೆ ಇದರಲ್ಲಿ ಕೊರತೆಯಿಲ್ಲ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಿಂದಲೇ ನವಿಲುಧಾಮ ಇದೆ. ಅಲ್ಲಿಗೇ ಹೋಗಬೇಕು ಅಂತಿಲ್ಲ, ಮೇಲುಕೋಟೆ ಸುತ್ತಿನ ಹುರುಳಿ ಹೊಲಗಳಲ್ಲೂ ಸಿಗುತ್ತವೆ. ಮುಂಗಾರಿನ ಮೊದಲ ಮಳೆ ಬೀಳುವ ದಿನಗಳು ಒಳ್ಳೆಯ ಕಾಲ. ಮಳೆಗಾಲ ಕಳೆಯುತ್ತಾ ಬಂದಂತೆ ಗಂಡಿನ ಉದ್ದ ಗರಿಗಳು ಉದುರಿಹೋಗುತ್ತವೆ.

ನಾವು ಬಾಲ ಅಂತ ಕರೆಯೋದು ನಿಜವಾದ ಬಾಲ ಅಲ್ಲ. ಬಾಲದ ಬುಡದ ಮೇಲೆ ಹೊದಿಕೆಯಾಗಿ ಬೆಳೆದ ಉದ್ದ ಗರಿಗಳು ಅವು, ಒಟ್ಟು ಇನ್ನೂರರ ಹತ್ತಿರ. ನಿಜವಾದ ಬಾಲ ಅದರ ಹಿಂದೆ ಕಂದು ಬಣ್ಣದಲ್ಲಿ, ಗಿಡ್ಡಕ್ಕೆ ಇದೆ. ಅದೇ ಎದ್ದು ನಿಂತು ಇಷ್ಟು ದೊಡ್ಡ ಛತ್ರಿಗೆ ಆಸರೆ ಕೊಡೋದು. ಬರಿಗಣ್ಣಿಗೆ ಇದು ತಿಳಿಯೋದಿಲ್ಲ. ಎಂಟು ಪಟ್ಟಿನಲ್ಲಿ, ನವಿಲು ಬೆನ್ನು ತಿರುಗಿಸಿದಾಗ ಸ್ಪಷ್ಟವಾಗಿ ಕಾಣುತ್ತದೆ. ನವಿಲು ಬೆನ್ನು ತಿರುಗಿಸೋದೂ ಸುಮ್ನೆ ಅಲ್ಲ. ಹೆಣ್ಣು ಹತ್ತಿರ ಬರುವಾಗ ಎಷ್ಟೋ ಸಲ ಗಂಡು ಮೊದಲು ಹಿಂಭಾಗ ತೋರಿಸುತ್ತದೆ, ಕಂದು ರೆಕ್ಕೆಗಳನ್ನು ಅಲುಗಿಸುತ್ತದೆ, ಆಮೇಲೆ ಗಕ್ಕನೆ ತಿರುಗಿ ಇಡೀ ಗರಿಗಳನ್ನು ಅವಳ ಮುಂದೆ ಹಿಡಿಯುತ್ತದೆ.

ತಿರುಗಿದ ಮೇಲೆ ಗರಿಗಳನ್ನು ಅದುರಿಸುತ್ತದಲ್ಲ, ಅದನ್ನು ಗಮನಿಸಿ ನೋಡಿ. ಸೆಕೆಂಡಿಗೆ ಸುಮಾರು 25 ಸಲ ಅದುರುತ್ತವೆ. ಒಣ ಎಲೆ ಮೇಲೆ ಸಣ್ಣ ಮಳೆ ಬಿದ್ದ ಸದ್ದು ಬರುತ್ತದೆ. ಗರಿ ಅಷ್ಟು ಅದುರಿದರೂ ಕಣ್ಣುಗಳು ಮಾತ್ರ ತೇಲುತ್ತಾ ನಿಂತಲ್ಲೇ ನಿಂತಂತೆ ಕಾಣುತ್ತವೆ. ನನಗೆ ಮೊದಲು ಇದು ಗಾಜಿನ ದೋಷ ಅನ್ನಿಸಿತ್ತು. ಆಮೇಲೆ ಓದಿದಾಗ ಕಾರಣ ತಿಳಿಯಿತು. ಕಣ್ಣಿನ ಭಾಗದ ಗರಿ ಎಳೆಗಳು ಸಣ್ಣ ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಸುತ್ತಲಿನ ಎಳೆಗಳು ಬಿಡಿಬಿಡಿ. ಅದುರುವಾಗ ಬಿಡಿ ಎಳೆಗಳು ಕುಣಿಯುತ್ತವೆ, ಕಣ್ಣು ಕದಲೋದಿಲ್ಲ. ಹಿನ್ನೆಲೆ ಮಿನುಗುತ್ತದೆ, ನೂರೈವತ್ತು ನೀಲಿ ಕಣ್ಣುಗಳು ಅಲ್ಲೇ ನಿಂತು ಹೆಣ್ಣನ್ನೇ ನೋಡುತ್ತವೆ.

ಹೆಣ್ಣು ಏನು ಮಾಡುತ್ತಿರುತ್ತದೆ? ಹೆಚ್ಚಿನ ಸಲ ನೆಲ ಕುಕ್ಕುತ್ತಿರುತ್ತದೆ. ಇಷ್ಟೆಲ್ಲ ಆಡಂಬರ ಅದಕ್ಕೆ ಬೇಕೇ ಇಲ್ಲವೇನೋ ಅನ್ನಿಸುತ್ತದೆ. ಅಗಲ ನೋಟದ ಬೈನಾಕ್ಯುಲರ್ ಬೇಕು ಅಂತ ನಾನು ಹಠ ಹಿಡಿಯೋದು ಇದಕ್ಕೇ. ಹೆಣ್ಣು ತಲೆ ಎತ್ತುವ ಆ ಒಂದು ಕ್ಷಣ ತಪ್ಪಬಾರದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಹೆಣ್ಣು ನವಿಲಿನ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಅದರ ನೋಟ ಎಲ್ಲಿ ಹೋಗುತ್ತದೆ ಅಂತ ಅಳೆದರು. ಹೆಣ್ಣು ಜಾಸ್ತಿ ನೋಡಿದ್ದು ಗರಿಯ ಕೆಳಭಾಗವನ್ನು. ನಾವು ಬೆರಗಾಗುವ ಮೇಲಿನ ಅಂಚಿನ ಕಡೆ ಅದರ ಗಮನ ಕಡಿಮೆ. ಇದನ್ನು ಓದಿದ ಮೇಲೆ ನಾನೂ ಗಂಡಿನ ತಲೆ ಬಿಟ್ಟು ಕೆಳಗಿನ ಗರಿಗಳನ್ನು ನೋಡತೊಡಗಿದೆ. ಬೇರೆಯೇ ಆಟ ಕಾಣುತ್ತದೆ.

ಡಾರ್ವಿನ್‌ಗೆ ನವಿಲುಗರಿ ದೊಡ್ಡ ತಲೆನೋವಾಗಿತ್ತು. ಅದನ್ನು ಕಂಡರೆ ಮೈ ಸರಿಯಿಲ್ಲದಂತಾಗುತ್ತದೆ ಅಂತ 1860ರಲ್ಲಿ ಸ್ನೇಹಿತನಿಗೆ ಕಾಗದ ಬರೆದಿದ್ದ. ಬದುಕೋಕೆ ಭಾರವಾಗುವ ಇಂಥ ಗರಿ ಯಾಕೆ ಬೆಳೆಯಬೇಕು ಅನ್ನೋದು ಅವನ ಸಂಕಟ. 1871ರಲ್ಲಿ ಉತ್ತರವನ್ನು ವಿಸ್ತಾರವಾಗಿ ಮುಂದಿಟ್ಟ: ಆರಿಸುವವಳು ಹೆಣ್ಣು. ತಲೆಮಾರುಗಟ್ಟಲೆ ಹೆಣ್ಣುಗಳು ಆರಿಸಿದ್ದರಿಂದಲೇ ಗಂಡಿಗೆ ಈ ಗರಿ. ಅಂದಮೇಲೆ ಆರಿಸುವವಳನ್ನೇ ಚೌಕಟ್ಟಿನಿಂದ ಹೊರಗೆ ಇಟ್ಟು ನೋಡೋದು ಸರಿಯಾ?

ನಮ್ಮ ಕಡೆ ಒಂದು ನಂಬಿಕೆ ಇದೆ. ಗಂಡು ನವಿಲಿನ ಕಣ್ಣೀರು ಕುಡಿದು ಹೆಣ್ಣು ಮೊಟ್ಟೆ ಇಡುತ್ತದೆ ಅಂತ. ಸೊಸೈಟಿಯೊಂದರಲ್ಲಿ ಹಾಲು ಹಾಕೋಕೆ ಬಂದ ಅಜ್ಜಿ ಇದನ್ನು ಗಟ್ಟಿಯಾಗಿ ವಾದಿಸಿದ್ದರು. ಅದು ನಿಜವಲ್ಲ. ಎಲ್ಲ ಹಕ್ಕಿಗಳ ಹಾಗೆ ನವಿಲೂ ಕೂಡುತ್ತದೆ. ಕುಣಿಯುತ್ತಿದ್ದ ಗಂಡು ಒಂದು ಕೂಗು ಹಾಕಿ ಹೆಣ್ಣಿನತ್ತ ಒಮ್ಮೆಲೇ ನುಗ್ಗುತ್ತದೆ, ಹೆಣ್ಣು ಒಪ್ಪಿದ್ದರೆ ಕೂತಿರುತ್ತದೆ, ಎಲ್ಲ ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟು ಬೇಗ ಮುಗಿಯೋದರಿಂದ ಕಂಡವರು ಕಡಿಮೆ, ಅದಕ್ಕೇ ಕಣ್ಣೀರಿನ ಕತೆ ಉಳಿದುಕೊಂಡಿತೋ ಏನೋ. ಆ ನುಗ್ಗಾಟವನ್ನು ಗಾಜಿನಲ್ಲಿ ಹಿಂಬಾಲಿಸೋಕೆ ಅಗಲ ನೋಟ ಇರಲೇಬೇಕು. 10×42ರಲ್ಲಿ ನಾನು ಪ್ರಯತ್ನಪಟ್ಟಾಗ ನವಿಲು ಹೊರಗೆ ಹೋಗಿ ಬರೀ ಹುಲ್ಲು ಕಾಣಿಸಿತು.

ಗೀಜಗದ ವಿಷಯಕ್ಕೆ ಬಂದರೆ ಈ ಬೈನಾಕ್ಯುಲರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಪಾಂಡವಪುರದ ಕಡೆ ಹಳೇ ತೆರೆದ ಬಾವಿಗಳ ಮೇಲೆ ಬಾಗಿದ ಈಚಲು ಮರ, ಜಾಲಿ ಮರ ಇನ್ನೂ ಇವೆ. ಮಳೆ ಶುರುವಾದ ಮೇಲೆ ಅಲ್ಲಿ ಗೀಜಗಗಳ ಗದ್ದಲವೋ ಗದ್ದಲ. ಗಂಡು ಭತ್ತದ ಗರಿಯನ್ನು ಬದಿಯಿಂದ ಕಚ್ಚಿ ಉದ್ದಕ್ಕೆ ಸೀಳಿ ತರುತ್ತದೆ. ಗೂಡನ್ನು ಪೂರ್ತಿ ಕಟ್ಟೋದಿಲ್ಲ. ಅರ್ಧ ಕಟ್ಟುತ್ತದೆ, ಹೆಲ್ಮೆಟ್ ಆಕಾರಕ್ಕೆ ಬಂದಾಗ ನಿಲ್ಲಿಸುತ್ತದೆ. ಆಮೇಲೆ ಅದರ ಬಾಯಿಗೆ ತಲೆಕೆಳಗಾಗಿ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಕೂಗುತ್ತದೆ. ಒಂದು ಹೆಣ್ಣು ಮರಕ್ಕೆ ಬಂದರೆ ಸಾಕು, ಇಡೀ ಮರದ ಗಂಡುಗಳೆಲ್ಲ ಒಟ್ಟಿಗೆ ರೆಕ್ಕೆ ಬಡಿಯೋಕೆ ಶುರು.

ಹೆಣ್ಣು ಒಂದು ಗೂಡಿನ ಒಳಗೆ ಹೋಗಿ ಬರುತ್ತದೆ, ಇನ್ನೊಂದಕ್ಕೆ ಹಾರುತ್ತದೆ, ಅಲ್ಲೂ ನೋಡುತ್ತದೆ. ಹೆಣೆದ ಅಂದಕ್ಕಿಂತ ಗೂಡು ತೂಗಿದ ಜಾಗ ಹೆಣ್ಣಿಗೆ ಮುಖ್ಯ ಅಂತ ಅಧ್ಯಯನಗಳು ಹೇಳುತ್ತವೆ. ಒಪ್ಪಿದರೆ ಗಂಡು ಮಿಕ್ಕ ಕೆಲಸಕ್ಕೆ ಕೈ ಹಾಕುತ್ತದೆ. ಮೊಟ್ಟೆಯ ಕೋಣೆ ಮುಚ್ಚುತ್ತದೆ, ಉದ್ದನೆಯ ಕೊಳವೆ ಇಳಿಸುತ್ತದೆ. ಅದು ಮುಗಿದ ಮೇಲೆ ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಯಾರೂ ಒಪ್ಪದ ಅರ್ಧ ಗೂಡುಗಳು ಹಾಗೇ ತೂಗಾಡುತ್ತವೆ. ಬಾವಿಯ ಈಚೆ ದಡದಲ್ಲಿ ನಿಂತರೆ ಮರ 15 ಮೀಟರ್ ದೂರ. ನನ್ನ ಗಾಜಿನಲ್ಲಿ ಎರಡು ಮೀಟರ್ ಅಗಲ ಬರುತ್ತದೆ. ಐದಾರು ಗೂಡು ಒಟ್ಟಿಗೆ. ಹೆಣ್ಣು ಗೂಡಿನಿಂದ ಗೂಡಿಗೆ ಹೋಗೋದನ್ನು ಕೈ ಅಲುಗಿಸದೆ ನೋಡಬಹುದು. ಎಂಟು ಪಟ್ಟಿನಲ್ಲಿ ಹಿಂದು ಮುಂದಿನ ಗೂಡುಗಳೂ ಹೆಚ್ಚು ಕಡಿಮೆ ಒಟ್ಟಿಗೇ ಸ್ಪಷ್ಟವಾಗಿರುತ್ತವೆ, ಪದೇ ಪದೇ ಫೋಕಸ್ ತಿರುಗಿಸಬೇಕಿಲ್ಲ.

ಹೀಗೆ ನೋಡುತ್ತಿದ್ದಾಗ ಬಾವಿಯ ಯಜಮಾನರು ಬಂದರು. "ಅದೇನ್ ಸಾ ಅಷ್ಟೊತ್ತಿಂದ ನೋಡ್ತಾ ಇದ್ದೀರಾ?" ಅಂದರು. ಕೊಟ್ಟೆ. ಕಣ್ಣಿಗೆ ಹಿಡಿದವರು ಕೊಡೋಕೆ ಮನಸ್ಸೇ ಮಾಡಲಿಲ್ಲ. "ಅಯ್ಯೋ, ದಿನಾ ನೋಡೋ ಗೀಜಗ್ನೇ ಅಲ್ವಾ ಇದು? ತಲೆ ಮ್ಯಾಲೆ ಅರಿಶಿನ ಬಳ್ದಂಗೆ ಅದೆ ಕಣ್ರೀ. ಇದ್ನ ನಾನ್ ಕಂಡೇ ಇರ್ನಿಲ್ಲ!" ಭತ್ತ ತಿನ್ನುತ್ತವೆ ಅಂತ ಅವುಗಳನ್ನು ಓಡಿಸುತ್ತಿದ್ದ ಮನುಷ್ಯ. ಅವತ್ತಿನಿಂದ ನನ್ನ ಬೈಕ್ ಕಂಡರೆ ಕೈ ತೋರಿಸಿ ನಿಲ್ಲಿಸುತ್ತಾರೆ.

ನೀರಿನ ಹಕ್ಕಿಗಳಿಗೆ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಎರಡೂ ಇವೆ. ರಂಗನತಿಟ್ಟಿನ ಮಹತ್ವವನ್ನು ಮೈಸೂರು ಒಡೆಯರಿಗೆ ಮನವರಿಕೆ ಮಾಡಿಕೊಟ್ಟವರು ಪಕ್ಷಿತಜ್ಞ ಸಲೀಂ ಅಲಿ, ಪಕ್ಷಿಧಾಮವಾದದ್ದು 1940ರಲ್ಲಿ. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು, ಕರ್ನಾಟಕದಿಂದ ಮೊದಲನೆಯದು. ಅಲ್ಲಿ ದೋಣಿಯಲ್ಲಿ ಕೂತು ನೋಡಬೇಕು. ದೋಣಿ ಅಲುಗುತ್ತದೆ, ನಮ್ಮ ಕೈಯೂ ಅಲುಗುತ್ತದೆ. 8 ಪಟ್ಟೇ ಅಲ್ಲಿ ಮೇಲಿನ ಮಿತಿ. ಅದಕ್ಕಿಂತ ಜಾಸ್ತಿಯದು ತೆಗೆದುಕೊಂಡು ಹೋದರೆ ತಲೆ ಸುತ್ತುತ್ತದೆ.

ಬೇಸಿಗೆ ಹತ್ತಿರವಾಗುವಾಗ ಅಲ್ಲಿನ ಬಂಡೆಗಳ ಮೇಲೆ ರೀವ ಹಕ್ಕಿಗಳನ್ನು ನೋಡಿ. ಹಳದಿ ಕೊಕ್ಕು, ಕರಿ ಟೋಪಿ, ಸೀಳು ಬಾಲ. ಗಂಡು ಮೀನು ಹಿಡಿದು ತರುತ್ತದೆ, ಆದರೆ ನುಂಗೋದಿಲ್ಲ. ಕೊಕ್ಕಿನಲ್ಲಿ ಅಡ್ಡ ಹಿಡಿದುಕೊಂಡು ಬಂಡೆಯ ಮೇಲೆ ಕೂತ ಹೆಣ್ಣಿನ ಹತ್ತಿರ ಇಳಿಯುತ್ತದೆ. ಹೆಣ್ಣು ಮೈ ತಗ್ಗಿಸಿ ಮರಿಯ ಹಾಗೆ ಬೇಡುತ್ತದೆ. ಬೆಳ್ಳಿ ಮೀನು ಒಂದು ಕೊಕ್ಕಿನಿಂದ ಇನ್ನೊಂದಕ್ಕೆ ದಾಟುತ್ತದೆ. ಇಷ್ಟೇ. ಇದರಲ್ಲಿ ಬಣ್ಣದ ಆರ್ಭಟ ಇಲ್ಲ. ಆದರೂ ನನಗೆ ನವಿಲಿಗಿಂತ ಇದೇ ಇಷ್ಟ. ಮುಂದೆ ಮರಿಗಳಿಗೆ ಮೀನು ತರಬೇಕಾದವನು ತನ್ನ ಕೈಲಿ ಆಗುತ್ತೆ ಅಂತ ಮೊದಲೇ ತೋರಿಸುತ್ತಿದ್ದಾನೆ. ದೋಣಿಯಲ್ಲಿ ಎಲ್ಲರ ಕಣ್ಣೂ ಮೊಸಳೆ ಮೇಲೆ ಇರುತ್ತದೆ. ದೋಣಿ ನಡೆಸುವ ಅಣ್ಣನಿಗೆ ರೀವ ನೋಡಬೇಕು ಅಂತ ಹತ್ತುವಾಗಲೇ ಹೇಳಿ. ಅವರಿಗೆ ಯಾವ ಬಂಡೆ ಅಂತ ಚೆನ್ನಾಗಿ ಗೊತ್ತು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಅವುಗಳನ್ನು ನೋಡಿಕೊಳ್ಳುತ್ತಾರೆ. ಅಲ್ಲಿ ದೂರ ಅನ್ನೋ ಸಮಸ್ಯೆಯೇ ಇಲ್ಲ. ಮರದ ಕೆಳಗೆ ನಿಂತು ಕತ್ತೆತ್ತಿ ನೋಡಬೇಕು, ಅಷ್ಟೇ. ಹೆಜ್ಜಾರ್ಲೆ (ಪೆಲಿಕನ್) ಗಂಡು ಕೊಕ್ಕಿನ ಕೆಳಗಿನ ಚೀಲ ಉಬ್ಬಿಸುತ್ತದೆ, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಆಮೇಲೆ ಅಕ್ಕಪಕ್ಕಕ್ಕೆ ತೂಗುತ್ತದೆ, ಕೊನೆಗೆ ತಲೆಯನ್ನು ಬೆನ್ನ ಮೇಲಕ್ಕೆ ವಾಲಿಸುತ್ತದೆ. ನಡುವೆ ಕೊಕ್ಕು ಬಡಿಯುವ ಸದ್ದೂ ಬರುತ್ತದೆ. ಅಷ್ಟು ಭಾರದ ಹಕ್ಕಿ ಸಣ್ಣ ಕೊಂಬೆ ಮೇಲೆ ಇದನ್ನೆಲ್ಲ ಮಾಡುತ್ತದೆ.

ಬಣ್ಣದ ಕೊಕ್ಕರೆಯ ರೀತಿ ನಾಜೂಕಿನದು. ಗೂಡಿನ ಜಾಗ ಹಿಡಿದ ಗಂಡು ಹೆಣ್ಣು ಹತ್ತಿರ ಬಂದಾಗ ರೆಕ್ಕೆಯ ಗರಿ ತೀಡಿಕೊಳ್ಳುವಂತೆ ನಟಿಸುತ್ತದೆ. ನಿಜವಾಗಿ ತೀಡೋದಿಲ್ಲ, ಕೊಕ್ಕು ಗರಿಯ ಪಕ್ಕ ಸುಮ್ನೆ ಹಾದುಹೋಗುತ್ತದೆ. ಒಂದು ರೆಕ್ಕೆಗೆ ಒಮ್ಮೆ, ಇನ್ನೊಂದಕ್ಕೆ ಒಮ್ಮೆ. ಹೆಣ್ಣು ರೆಕ್ಕೆ ಬಿಚ್ಚಿಕೊಂಡು ಮೈ ಬಾಗಿಸಿ ಮೆಲ್ಲಗೆ ಹತ್ತಿರ ಬರುತ್ತದೆ. ಇದು ನಿಜದ ತೀಡುವಿಕೆಯೋ ನಟನೆಯೋ ಅಂತ ಬರಿಗಣ್ಣಿಗೆ ಗೊತ್ತಾಗೋದೇ ಇಲ್ಲ. ಎಂಟು ಪಟ್ಟಿನಲ್ಲಿ ಕೊಕ್ಕಿಗೂ ಗರಿಗೂ ನಡುವೆ ಇರುವ ಸಂದು ಕಾಣುತ್ತದೆ. ಬೈನಾಕ್ಯುಲರಿಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಇಂಥ ಕಡೆ. ಕೊಕ್ಕರೆಗಳಿಗೆ ಹಾಡೋಕೆ ಗಂಟಲು ಇಲ್ಲ, ಕೊಕ್ಕು ಬಡಿಯೋದೇ ಅವುಗಳ ಮಾತು. ಬೆಳ್ಳೂರಿನ ಜನ ಆ ಸದ್ದಿನಲ್ಲೇ ನಿದ್ದೆ ಮಾಡುತ್ತಾರೆ.

ಹಾರುತ್ತಾ ಆಡುವ ಹಕ್ಕಿಗಳದ್ದು ಬೇರೆ ಪರೀಕ್ಷೆ. ನಾಲೆ ಬದಿಯ ತಂತಿ ಮೇಲೆ ಕೂರುವ ನೀಲಕಂಠ ಬೇಸಿಗೆಯಲ್ಲಿ ಒಮ್ಮೆಲೇ ಮೇಲಕ್ಕೆ ಏರಿ, ಕರ್ಕಶವಾಗಿ ಕೂಗುತ್ತಾ, ಅತ್ತಿತ್ತ ಹೊರಳುತ್ತಾ ಕೆಳಕ್ಕೆ ಬೀಳುತ್ತದೆ. ಕೂತಾಗ ಮಂಕಾಗಿದ್ದ ಹಕ್ಕಿಯ ರೆಕ್ಕೆಯಲ್ಲಿ ಎರಡು ತರದ ನೀಲಿ ಮಿಂಚುತ್ತದೆ. ನಮ್ಮ ರಾಜ್ಯ ಪಕ್ಷಿ ಇದು. ಅದರ ಈ ಆಟ ನೋಡದವರು ತುಂಬ ಜನ ಇದ್ದಾರೆ ಅನ್ನೋದು ನನಗೆ ಬೇಸರ. ನಾಗಮಂಗಲದ ರಾಗಿ ಹೊಲಗಳಲ್ಲಿ ನೆಲಗುಬ್ಬಿಯ ಗಂಡು ರೆಕ್ಕೆ ಅದುರಿಸುತ್ತಾ ಮೇಲೇರುತ್ತದೆ, ರೆಕ್ಕೆ ಮುಚ್ಚಿ ಮೂತಿ ಕೆಳಗಾಗಿ ಬೀಳುತ್ತದೆ, ನೆಲ ಮುಟ್ಟುವ ಮೊದಲೇ ಮತ್ತೆ ಮೇಲಕ್ಕೆ. ಬೀಳುವಾಗ ಶಿಳ್ಳೆ. ಗುಬ್ಬಿಗಿಂತ ಚಿಕ್ಕ ಹಕ್ಕಿ, ಆಕಾಶದಲ್ಲಿ ಚುಕ್ಕೆ. ಇದನ್ನು ಹಿಂಬಾಲಿಸೋದು 8×42ಕ್ಕೂ ಕಷ್ಟವೇ, ಆದರೆ ಆಗುತ್ತದೆ. ಒಂದು ಉಪಾಯ: ಮೊದಲು ಕಣ್ಣಿನಲ್ಲಿ ಹಕ್ಕಿಯನ್ನು ಹಿಡಿಯಿರಿ. ನೋಟ ಬಿಡದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಬೈನಾಕ್ಯುಲರ್ ಹಿಡಿದುಕೊಂಡು ಆಕಾಶದಲ್ಲಿ ಹುಡುಕಿದರೆ ಸಿಗೋದಿಲ್ಲ.

ಹತ್ತಿರದ ನೋಟವನ್ನೂ ಪರೀಕ್ಷಿಸಿಕೊಳ್ಳಿ. ನನ್ನದು ಎರಡೂವರೆ ಮೀಟರಿನಿಂದಲೇ ಸ್ಪಷ್ಟ. ಮೈಸೂರಿನ ನಮ್ಮ ಮನೆ ಮುಂದಿನ ದಾಸವಾಳಕ್ಕೆ ಸೂರಕ್ಕಿಗಳು ಬರುತ್ತವೆ. ಗಂಡು ದೂರದಿಂದ ಬರೀ ಕಪ್ಪು. ಸರಿಯಾದ ಕೋನದಲ್ಲಿ ಬಿಸಿಲು ಬಿದ್ದರೆ ಮಾತ್ರ ನೇರಳೆ, ನೀಲಿ ಹೊಳೆಯುತ್ತದೆ. ಹೆಣ್ಣಿನ ಮುಂದೆ ಹಾಡುವಾಗ ರೆಕ್ಕೆ ಅದುರಿಸಿ ಕಂಕುಳ ಹತ್ತಿರ ಅಡಗಿಸಿದ್ದ ಹಳದಿ ಕೆಂಪು ಗರಿಗೊಂಚಲು ತೆರೆದು ತೋರಿಸುತ್ತದೆ. ಒಂದೆರಡು ಸೆಕೆಂಡಿನ ಆಟ. ನನ್ನ ಹೆಂಡತಿ ಕಾಫಿ ಲೋಟ ಪಕ್ಕಕ್ಕಿಟ್ಟು ಕಿಟಕಿಯಿಂದ ಇದನ್ನು ನೋಡಿದ ಮೇಲೆ ಬೈನಾಕ್ಯುಲರ್ ಮನೆಯಲ್ಲಿದ್ದ ದಿನ ಅದು ಅವಳದ್ದೇ.

ಎಲ್ಲಿ ಸೋಲುತ್ತದೆ ಅಂತಲೂ ಹೇಳಬೇಕು. ದೊಡ್ಡ ಕೆರೆಗಳಲ್ಲಿ ಸೋಲುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ನಡುಗಡ್ಡೆಯ ಮರ ನೋಡಿದರೆ ಹಕ್ಕಿ ಯಾವುದು ಅಂತ ಗೊತ್ತಾಗುತ್ತದೆ, ಏನು ಮಾಡುತ್ತಿದೆ ಅಂತ ಪೂರ್ತಿ ತಿಳಿಯೋದಿಲ್ಲ. ತಾವರೆ ಎಲೆಗಳ ಮೇಲೆ ನಡೆಯುವ ಉದ್ದ ಬಾಲದ ದೇವನಕ್ಕಿಯೂ ಹಾಗೇ. ಅದರಲ್ಲಿ ಹೆಣ್ಣೇ ದೊಡ್ಡದು, ಹೆಣ್ಣೇ ಜಗಳಕ್ಕೆ ನಿಲ್ಲೋದು. ಒಂದು ಹೆಣ್ಣಿಗೆ ಹಲವು ಗಂಡುಗಳು. ಮೊಟ್ಟೆ ಇಟ್ಟು ಅವಳು ಮುಂದೆ ಹೋಗುತ್ತಾಳೆ, ಕಾವು ಕೊಡೋದು, ಮರಿ ನೋಡಿಕೊಳ್ಳೋದು ಗಂಡಿನ ಪಾಲು. ಇಷ್ಟು ಸ್ವಾರಸ್ಯದ ಸಂಸಾರ ದಡದಿಂದ ನೂರೈವತ್ತು ಮೀಟರ್ ಆಚೆ ನಡೆಯುವಾಗ ಎಂಟು ಪಟ್ಟು ಸಾಲದು. ಕೆರೆಗೇ ಹೋಗುವವರು ನೀವಾದರೆ 10×42 ತೆಗೆದುಕೊಳ್ಳಿ, ಮೊಣಕೈ ಊರೋಕೆ ಏರಿಯ ಕಲ್ಲು ಹುಡುಕಿಕೊಳ್ಳಿ.

ಬಿಳಿ ಹಕ್ಕಿ ಆಕಾಶಕ್ಕೆ ಎದುರಾಗಿ ಕೂತರೆ ಅಂಚಿನಲ್ಲಿ ನೇರಳೆ ಗೆರೆ ಕಾಣುತ್ತದೆ. ಈ ಬೆಲೆಯಲ್ಲಿ ಇದು ಇದ್ದದ್ದೇ. ಜೋಡಿಯ ಕಾಲದಲ್ಲಿ ಬೆಳ್ಳಕ್ಕಿಯ ಬೆನ್ನಿನ ಮೇಲೆ ಬರುವ ದಾರದಂಥ ಗರಿಗಳನ್ನು ನೋಡುವಾಗ ಆ ಗೆರೆ ಅಡ್ಡಿ ಮಾಡುತ್ತದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಕಡಿಮೆಯಾಗುತ್ತದೆ. ಜೊತೆಗೆ ಬಂದ ಪಟ್ಟಿ ತೀರ ಸಣ್ಣದು. ಸುಮಾರು 700 ಗ್ರಾಂ ತೂಕ ಕುತ್ತಿಗೆ ಕೊಯ್ಯುತ್ತದೆ. ಅಗಲ ಪಟ್ಟಿ ಬೇರೆ ತಂದು ಹಾಕಿಸಿದೆ. ಮುಂದಿನ ಗಾಜಿನ ರಬ್ಬರ್ ಮುಚ್ಚಳಗಳು ಬೈಕಿನ ಕುಲುಕಾಟಕ್ಕೆ ಕಳಚಿ ಬೀಳುತ್ತವೆ. ಬಲಗಣ್ಣಿನ ಹೊಂದಾಣಿಕೆಯ ಉಂಗುರ ಒಮ್ಮೆ ಸಡಿಲವಾಗಿತ್ತು. ಅಂಗಡಿಯವರು ರಿಪೇರಿಗೆ ಅಂತ ಇಟ್ಟುಕೊಂಡು ಗೀಜಗದ ಕಾಲವೆಲ್ಲ ಕಳೆದ ಮೇಲೆ ವಾಪಸ್ ಕೊಟ್ಟರು. ಅದಕ್ಕೆ ನನಗೆ ಇನ್ನೂ ಕೋಪ ಇದೆ.

ಕ್ಯಾಮೆರಾ ಯಾಕೆ ಬೇಡ ಅಂತ ಕೇಳುತ್ತಾರೆ. ಬೇಡ ಅಂತಲ್ಲ. ಆದರೆ ಕುಣಿತದ ಕಾಲ ಹಕ್ಕಿಗಳಿಗೆ ತುಂಬ ನಾಜೂಕಿನ ಕಾಲ. ಒಂದು ಒಳ್ಳೆಯ ಫೋಟೋಗಾಗಿ ಜನ ಹತ್ತಿರ ಹೋಗುತ್ತಾರೆ, ಹೆಣ್ಣು ಹಾರಿಹೋಗುತ್ತದೆ, ಗಂಡಿನ ಆ ಬೆಳಗಿನ ಶ್ರಮ ನೀರುಪಾಲು. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಸುವ ಗುಂಪನ್ನೂ ಕಂಡಿದ್ದೇನೆ. ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಗಂಡು ಹುಚ್ಚೆದ್ದು ಹುಡುಕುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಗ್ಲೆಂಡಿನ ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ 1912ರ ವಸಂತದಲ್ಲಿ ಒಂದು ಜಲಾಶಯದ ದಡದಲ್ಲಿ ಕೂತು, ಅಲ್ಲಿನ ಜುಟ್ಟಿನ ಮುಳುಗು ಹಕ್ಕಿಗಳನ್ನು ದೂರದಿಂದಲೇ ನೋಡಿ ಬರೆದುಕೊಂಡ. ಗಂಡು ಹೆಣ್ಣು ಎದುರು ಬದುರು ತಲೆ ಅಲ್ಲಾಡಿಸೋದು, ಕೊಕ್ಕಿನಲ್ಲಿ ನೀರಗಿಡ ಹಿಡಿದು ಎದೆಗೆ ಎದೆ ತಾಗುವಂತೆ ನೀರಿನಿಂದ ಮೇಲೇಳೋದು, ಎಲ್ಲ. 1914ರಲ್ಲಿ ಪ್ರಕಟವಾದ ಆ ಬರಹವನ್ನು ಹಕ್ಕಿಗಳ ನಡವಳಿಕೆ ಓದುವವರು ಈಗಲೂ ನೆನೆಯುತ್ತಾರೆ. ಅವನು ಅಷ್ಟು ಕಂಡದ್ದು ದೂರದಲ್ಲಿ ಕೂತು ಎರಡೂ ಹಕ್ಕಿಗಳನ್ನು ಒಟ್ಟಿಗೆ ನೋಡಿದ್ದರಿಂದ.

ಕೊಳ್ಳುವವರಿಗೆ ಇಷ್ಟು. ಅಂಗಡಿಯ ಒಳಗೆ ನೋಡಿ ತೀರ್ಮಾನ ಮಾಡಬೇಡಿ, ಬಾಗಿಲ ಹೊರಗೆ ಬಂದು ರಸ್ತೆಯ ಆ ತುದಿಯ ಬೋರ್ಡ್ ಓದಿ. ಅಕ್ಷರದ ಅಂಚು ಎರಡೆರಡಾಗಿ ಕಂಡರೆ, ತಲೆ ಭಾರವಾದರೆ, ಅದು ಬೇಡ. ಕನ್ನಡಕದವರು ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ, ಕನ್ನಡಕ ಹಾಕಿಕೊಂಡೇ ನೋಡಿ. ಸುತ್ತಲೂ ಕಪ್ಪು ಅಂಚು ಬಂದರೆ ನಿಮಗೆ ಪೂರ್ತಿ ಅಗಲ ಸಿಗುತ್ತಿಲ್ಲ ಅಂತ ಅರ್ಥ. ಐ ರಿಲೀಫ್, ಅಂದರೆ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ಪೂರ್ತಿ ಅಗಲ ಕಾಣುತ್ತೆ ಅನ್ನೋ ಅಳತೆ, 16 ಮಿಲಿಮೀಟರಿಗಿಂತ ಜಾಸ್ತಿ ಇರೋದನ್ನು ಕೇಳಿ. ನೈಟ್ರೋಜನ್ ತುಂಬಿದ್ದು, ನೀರು ಒಳಗೆ ಹೋಗದ್ದು ಅಂತ ಬರೆದಿರಬೇಕು. ನಮ್ಮ ಆಟಗಳೆಲ್ಲ ಮಳೆಗಾಲದಲ್ಲೇ ಜಾಸ್ತಿ, ಒಳಗೆ ಮಂಜು ಹಿಡಿದರೆ ಏನೂ ಮಾಡೋಕಾಗಲ್ಲ. ನೋಟದ ಅಗಲ 7 ಡಿಗ್ರಿಗಿಂತ ಕಡಿಮೆ ಇದ್ದರೆ ಆ 8×42 ಬಿಡಿ. 30×60, 50×50 ಅಂತ ದೊಡ್ಡ ಸಂಖ್ಯೆ ಬರೆದು ಎರಡು ಸಾವಿರಕ್ಕೆ ಮಾರುವ ಮಾಲಿನ ಹತ್ತಿರ ಹೋಗಲೇಬೇಡಿ. ಮೇ ತಿಂಗಳೊಳಗೆ ಕೊಂಡುಬಿಡಿ. ಜೂನ್ ಬಂತು ಅಂದರೆ ಪಾಂಡವಪುರದ ಬಾವಿಗಳ ಮೇಲೆ ಗೀಜಗ ಕೆಲಸ ಶುರು ಮಾಡಿರುತ್ತದೆ.